ಹೆಳವರು ಹೇಳೋ ವಂಶಾವಳಿ ನಂಬಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಮುತ್ತಜ್ಜನ ಹೆಸರಿಂದ ಆಚೆಗೆ ಮನೇಲಿ ಯಾರಿಗೂ ಗೊತ್ತಿಲ್ಲ, ಊರಿಗೆ ಬಂದು ಮನೆತನದ ವಂಶಾವಳಿ ಓದಿ ಹೇಳೋ ಹೆಳವರ ಹತ್ರ ಸಿಗುತ್ತಾ, ಅವರು ಹೇಳೋದು ನಿಜಾನಾ ಕಟ್ಟುಕಥೆನಾ.

ಸಿಗುತ್ತೆ. ಆದ್ರೆ ಎಲ್ಲಾ ಹೆಳವರ ಹತ್ರ ಅಲ್ಲ, ನಿಮ್ಮ ಮನೆತನದ ಹೆಳವ ಯಾರು ಅಂತ ಮೊದ್ಲು ಹುಡುಕಬೇಕು, ಯಾಕಂದ್ರೆ ಯಾವ ಊರು ಯಾವ ಮನೆತನ ಯಾರಿಗೆ ಅಂತ ಅವರಲ್ಲೇ ಪಾಲು ಇರುತ್ತೆ, ನಾವು ಹೊಲ ಹಂಚಿಕೊಂಡ ಹಾಗೆ. ಊರಲ್ಲಿ ನಿಮ್ಮ ಅಣ್ಣತಮ್ಮಕಿ ಮನೆಗಳಲ್ಲಿ ವಯಸ್ಸಾದವರನ್ನ ಕೇಳಿ. ಮನೆದೇವರು, ಬೆಡಗು (ಗೋತ್ರದ ಹಾಗೆ, ಕುಲದೊಳಗಿನ ಗುಂಪಿನ ಹೆಸರು), ಮೂಲ ಊರು ಇಷ್ಟು ಗೊತ್ತಿದ್ರೆ ಸಾಕು.

ಈ ಕಡೆ ಗೊತ್ತಿಲ್ಲದವರಿಗೆ: ಹೆಳವ ಅಂದ್ರೆ ಕಾಲಿಲ್ಲದವನು. ಬಸವಣ್ಣ ಒಬ್ಬ ಕುಂಟನಿಗೆ ಎತ್ತು ಕೊಟ್ಟು, ಮನೆಮನೆಗೆ ಹೋಗಿ ಕುಲ ಹೊಗಳಿ ಬದುಕು ಅಂದ ಅಂತ ಅವರೇ ಕಥೆ ಹೇಳ್ತಾರೆ. ಅಜ್ಜನ ಕಾಲದಲ್ಲಿ ಎತ್ತಿನ ಮೇಲೆ ಗಂಟೆ ಬಾರಿಸ್ತಾ ಬರ್ತಿದ್ರಂತೆ, ನಮ್ಮನೆಗೆ ಕೊನೇ ಸಲ ಬಂದವರು ಬಂದಿದ್ದು ಬೈಕ್ ಮೇಲೆ.

ಸುಗ್ಗಿ ಮುಗಿದಿತ್ತು. ಪಡಸಾಲೇಲಿ ಕಂಬಳಿ ಹಾಸಿದ್ವಿ, ಬಟ್ಟೆ ಗಂಟು ಬಿಚ್ಚಿ ಉದ್ದನೆ ಪುಸ್ತಕ ತೆಗೆದ್ರು, ಅಂಚೆಲ್ಲಾ ಎಣ್ಣೆ ಕೈ ಹತ್ತಿ ಕಪ್ಪಾಗಿತ್ತು. ಇಂಥವನ ಮಗ ಇಂಥವ, ಅವನಿಗೆ ಮೂವರು, ನಡುವಿನವ ಬರಗಾಲದಾಗ ಊರು ಬಿಟ್ಟ ಅಂತ ಉಸಿರು ತಗೊಳ್ದೆ ಓದ್ತಾ ಓದ್ತಾ ಒಂದು ಕಡೆ ನಿಂತು, "ನಿಮ್ಮ ಮುತ್ಯಾನ ಅಪ್ಪ ಈ ಮನ್ಯಾಗ ಹುಟ್ಟಿದಾವ ಅಲ್ರೀ, ದತ್ತಕ ಬಂದಾವ" ಅಂದ್ರು. ಯಾರೂ ಮಾತಾಡ್ಲಿಲ್ಲ. ಒಳಗೆ ರೊಟ್ಟಿ ಬಡೀತಿದ್ದ ಆಯಿ ಕೈ ನಿಲ್ಲಿಸಿ, "ಹೌದು, ನಮ್ಮತ್ತಿ ಹೇಳತಿದ್ಲು" ಅಂದ್ಲು. ಅಷ್ಟು ವರ್ಷ ನಮಗ್ಯಾರಿಗೂ ಹೇಳಿರ್ಲಿಲ್ಲ ನೋಡಿ! ಆಮೇಲೆ ಅಪ್ಪ ಹಳೇ ಉತಾರ, ಅಂದ್ರೆ ಜಮೀನಿನ ದಾಖಲೆ, ತೆಗೆಸಿದ್ರು, ಅದರಲ್ಲೂ ದತ್ತಕ ಅಂತಲೇ ಇತ್ತು.

ಅದಕ್ಕೇ ನನ್ನ ಲೆಕ್ಕ ಹೀಗೆ: ಐದಾರು ತಲೆಮಾರಿನ ಹೆಸರು, ದತ್ತಕ, ವಲಸೆ ಇದನ್ನ ನಂಬಿ, ಆದ್ರೂ ಮನೆ ಕಾಗದದ ಜೊತೆ ತಾಳೆ ನೋಡಿ. ಅದಕ್ಕಿಂತ ಮೇಲೆ ಹೋದ ಹಾಗೆ ಕಥೆ ಜಾಸ್ತಿ. ನಮ್ಮ ಮೂಲಪುರುಷ ಬಸವಣ್ಣನ ಕಲ್ಯಾಣದಿಂದ ಬಂದನಂತೆ, ಪಕ್ಕದ ಮನೆಯವರದ್ದೂ ಅದೇ, ಎಲ್ಲರೂ ಕಲ್ಯಾಣ ಬಿಟ್ಟು ಬಂದ್ರೆ ಅಲ್ಲಿ ಉಳಿದವರ್ಯಾರು ಅಂತ ನನ್ನ ತಮ್ಮ ನಗ್ತಾನೆ.

ಒಂದೇ ಬೇಜಾರು, ಹೆಳವರ ಪುಸ್ತಕದಲ್ಲಿ ಹೆಣ್ಮಕ್ಕಳಿಲ್ಲ. ನನ್ನ ಮಗಳ ಹೆಸರು ಬರ್ಕೊಳ್ಳಿ ಅಂದೆ, "ಅವರು ಬ್ಯಾರೆ ಮನಿ ಪುಸ್ತಕಕ್ಕ ಹೋಗೋರು ತಂಗಿ" ಅಂದ್ರು. ನಾನು ಮದುವೆಯಾಗಿ ಹೋದ ಮನೆ ಪುಸ್ತಕದಲ್ಲೂ ನನ್ನ ಹೆಸರಿಲ್ವಲ್ಲ ಅಂದಾಗ ಸ್ವಲ್ಪ ಹೊತ್ತು ಸುಮ್ನಿದ್ದು ಅಂಚಿನಲ್ಲಿ ಬಾಲ್‌ಪೆನ್ನಲ್ಲಿ ಸಣ್ಣದಾಗಿ ಬರೆದ್ರು.

ಆಸ್ತಿ ಕೆಲಸಕ್ಕೆ ಕೇಳ್ತಿದ್ರೆ ನಾಡಕಚೇರಿ ವಂಶವೃಕ್ಷ ಬೇರೆ, ಅದಕ್ಕೆ ಅಲ್ಲೇ ಅರ್ಜಿ ಹಾಕಿ. ಹೆಳವರು ಬಂದಾಗ ಕಾಳು, ಬಟ್ಟೆ, ದುಡ್ಡು ಕೈಲಾದಷ್ಟು ಕೊಡಿ, ಓದೋವಾಗ ಕೇಳಿ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ನಮ್ಮವರು ದನಿಗೆ ಹೂಂ ಅಂದ್ರು, ಪುಟದ ಫೋಟೋಗೆ ಮಾತ್ರ ಬಿಡ್ಲಿಲ್ಲ. "ಇದ ನಮ್ಮ ಹೊಲಾ ರೀ, ಫೋಟೋ ಕೊಟ್ರ ಮುಂದಿನ ಸಲ ನನ್ನ ಯಾಕ ಕರೀತೀರಿ?"