ಓದುಗರ ಪ್ರಶ್ನೆ: ಡೇ ಟ್ರೇಡಿಂಗ್ ಕೈಪಿಡಿ ಹೊಸಬರಿಗೆ ಉಪಯುಕ್ತವೇ?

ಪ್ರಶ್ನೆ: ಷೇರು ವಹಿವಾಟಿನಲ್ಲಿ ನನಗೆ ಯಾವ ಅನುಭವವೂ ಇಲ್ಲ. ಒಂದೇ ದಿನದೊಳಗೆ ಕೊಂಡು ಮಾರುವ ಡೇ ಟ್ರೇಡಿಂಗ್ ಕಲಿಯಲೆಂದು ಸ್ನೇಹಿತರೊಬ್ಬರು ದಪ್ಪನೆಯ ಕೈಪಿಡಿಯೊಂದನ್ನು ಕೊಟ್ಟಿದ್ದಾರೆ. ಭಾಷೆ ಸರಳವಾಗಿದೆ, ಪುಟಪುಟಕ್ಕೂ ಚಾರ್ಟುಗಳಿವೆ, ಓದುತ್ತಿದ್ದರೆ ಎಲ್ಲವೂ ಅರ್ಥವಾದಂತೆ ಅನ್ನಿಸುತ್ತದೆ. ಇದು ನನ್ನಂಥ ಹೊಸಬರಿಗೆ ನಿಜಕ್ಕೂ ಉಪಯೋಗಕ್ಕೆ ಬರುವ ಪುಸ್ತಕವೇ ಎಂದು ತೀರ್ಮಾನಿಸುವುದು ಹೇಗೆ?

ಉತ್ತರ: "ಎಲ್ಲವೂ ಅರ್ಥವಾದಂತೆ ಅನ್ನಿಸುತ್ತದೆ" ಎಂಬ ನಿಮ್ಮ ಮಾತಿನಿಂದಲೇ ಪರೀಕ್ಷೆಯನ್ನು ಆರಂಭಿಸೋಣ. ಪುಸ್ತಕದಲ್ಲಿ ಅಚ್ಚಾದ ಚಾರ್ಟಿನಲ್ಲಿ ಮುಂದೆ ಏನಾಯಿತು ಎಂಬುದು ನಮ್ಮ ಕಣ್ಣೆದುರಿಗೇ ಇರುತ್ತದೆ. ಆದ್ದರಿಂದ ಬಾಣದ ಗುರುತು ಹಾಕಿ "ಇಲ್ಲಿ ಕೊಳ್ಳಬೇಕಿತ್ತು" ಎಂದು ಬರೆದಾಗ ಯಾರಿಗಾದರೂ ಹೌದೆನಿಸುತ್ತದೆ. ಒಂದು ಗಟ್ಟಿ ಕಾಗದವನ್ನು ತೆಗೆದುಕೊಂಡು ಚಾರ್ಟಿನ ಬಲಭಾಗವನ್ನೂ ಅದರ ಕೆಳಗಿನ ವಿವರಣೆಯನ್ನೂ ಮುಚ್ಚಿ. ನಂತರ ಕಾಗದವನ್ನು ಒಂದೊಂದೇ ಕ್ಯಾಂಡಲ್‌ನಷ್ಟು (ಒಂದು ಅವಧಿಯ ಬೆಲೆಯ ಏರಿಳಿತವನ್ನು ತೋರಿಸುವ ಕಡ್ಡಿ) ಬಲಕ್ಕೆ ಸರಿಸುತ್ತಾ, ಪ್ರತಿ ಸಲವೂ ಕೊಳ್ಳುತ್ತೀರೋ, ಮಾರುತ್ತೀರೋ, ಸುಮ್ಮನಿರುತ್ತೀರೋ ಎಂಬುದನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ನಾನು ಕೈಗೆತ್ತಿಕೊಳ್ಳುವ ಪ್ರತಿ ಕೈಪಿಡಿಗೂ ಇದನ್ನು ತಪ್ಪದೆ ಮಾಡುತ್ತೇನೆ. ಲೇಖಕರು ಸ್ಪಷ್ಟ ಎಂದು ಕರೆದ ಸಂಕೇತಕ್ಕೆ ಮೊದಲು ಅದೇ ಚಾರ್ಟಿನಲ್ಲಿ ಅದೇ ಬಗೆಯ ಎರಡು ಮೂರು ಸಂಕೇತಗಳು ಬಂದು ಹುಸಿಯಾಗಿರುವುದು ಎಷ್ಟೋ ಬಾರಿ ಆಗ ಕಾಣಿಸುತ್ತದೆ. ತನ್ನ ವಿಧಾನ ಸೋತ ಚಾರ್ಟುಗಳನ್ನೂ ಅಚ್ಚು ಹಾಕಿ, ಏಕೆ ಸೋತಿತು, ಎಲ್ಲಿ ಹೊರಬರಬೇಕಿತ್ತು ಎಂದು ವಿವರಿಸುವ ಪುಸ್ತಕವಾದರೆ ಅದನ್ನು ಮುಂದೆ ಓದಬಹುದು. ಗೆದ್ದ ಉದಾಹರಣೆಗಳನ್ನಷ್ಟೇ ಜೋಡಿಸಿದ ಪುಸ್ತಕದಿಂದ ಹೊಸಬರು ಕಲಿಯುವುದಕ್ಕಿಂತ ದಾರಿ ತಪ್ಪುವುದೇ ಹೆಚ್ಚು.

ಎರಡನೆಯ ಪರೀಕ್ಷೆ ಖರ್ಚಿನ ಲೆಕ್ಕ, ನನ್ನ ಮಟ್ಟಿಗೆ ಅತ್ಯಂತ ಮುಖ್ಯವಾದದ್ದೂ ಇದೇ. ಪುಸ್ತಕದ ಯಾವುದಾದರೂ ಒಂದು ಉದಾಹರಣೆಯನ್ನು ತೆಗೆದುಕೊಂಡು ನೀವೇ ಕೂಡಿ ಕಳೆದು ನೋಡಿ. 500ರ ಬೆಲೆಯ ಷೇರನ್ನು ಕೊಂಡು, 497.50ಕ್ಕೆ ಸ್ಟಾಪ್ ಲಾಸ್ (ಬೆಲೆ ಅಲ್ಲಿಗೆ ಇಳಿದರೆ ತಾನಾಗಿ ಮಾರಿಬಿಡುವ ಆದೇಶ) ಇಟ್ಟು, 505ಕ್ಕೆ ಮಾರುವ ಗುರಿ ಇಟ್ಟುಕೊಳ್ಳಲು ಪುಸ್ತಕ ಹೇಳುತ್ತದೆ ಎಂದುಕೊಳ್ಳಿ. ಹತ್ತರಲ್ಲಿ ನಾಲ್ಕು ಸಲ ಗೆದ್ದರೂ ಲಾಭವೇ ಎಂಬುದು ಅದರ ವಾದ: ನಾಲ್ಕು ಗೆಲುವಿನಿಂದ 20, ಆರು ಸೋಲಿನಿಂದ 15, ಉಳಿದದ್ದು 5. ಕಾಗದದ ಮೇಲೆ ಇದು ಸರಿ. ಆದರೆ ಬ್ರೋಕರೇಜು, ತೆರಿಗೆ, ಕೊಳ್ಳುವ ಮತ್ತು ಮಾರುವ ಬೆಲೆಗಳ ನಡುವಿನ ಅಂತರ, ನಾವು ಬಯಸಿದ ಬೆಲೆಗೂ ಸಿಕ್ಕ ಬೆಲೆಗೂ ಆಗುವ ವ್ಯತ್ಯಾಸ ಇವೆಲ್ಲ ಸೇರಿ ಒಂದು ಸುತ್ತಿನ ವಹಿವಾಟಿಗೆ ಬೆಲೆಯ ಶೇ 0.1ರಷ್ಟು, ಅಂದರೆ 0.50 ತಗುಲಿದರೆ ಪ್ರತಿ ಗೆಲುವು 4.50ಕ್ಕೆ ಇಳಿಯುತ್ತದೆ, ಪ್ರತಿ ಸೋಲು 3ಕ್ಕೆ ಏರುತ್ತದೆ. ನಾಲ್ಕು ಗೆಲುವಿಗೆ 18, ಆರು ಸೋಲಿಗೆ 18. ಕೈಯಲ್ಲಿ ಉಳಿದದ್ದು ಸೊನ್ನೆ. ಸ್ಟಾಪ್ ಲಾಸ್ ಎಷ್ಟು ಹತ್ತಿರವಿರುತ್ತದೆಯೋ ಖರ್ಚಿನ ಏಟು ಅಷ್ಟು ಜೋರಾಗಿರುತ್ತದೆ. ಈ ಕಳೆಯುವ ಲೆಕ್ಕ ಪುಸ್ತಕದ ಒಂದು ಪುಟದಲ್ಲಾದರೂ ಇದೆಯೇ ಎಂದು ಹುಡುಕಿ. ಇಲ್ಲದಿದ್ದರೆ ಅದರಲ್ಲಿ ತೋರಿಸಿರುವ ಲಾಭದ ಅಂಕಿಗಳಿಗೆ ಯಾವ ಬೆಲೆಯನ್ನೂ ಕೊಡಬೇಡಿ.

ಬಂಡವಾಳದ ಶೇ 1ಕ್ಕಿಂತ ಹೆಚ್ಚನ್ನು ಒಂದೇ ವಹಿವಾಟಿನಲ್ಲಿ ಪಣಕ್ಕೆ ಒಡ್ಡಬಾರದು ಎಂಬ ನಿಯಮವೂ ಇಂಥ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ನಿಯಮ ಒಳ್ಳೆಯದೇ. ಆದರೆ ಮೇಲಿನ ಉದಾಹರಣೆಯಲ್ಲೇ ನೋಡಿ: ನಿಮ್ಮ ಬಂಡವಾಳ 1,00,000 ಆದರೆ ಶೇ 1 ಎಂದರೆ 1,000, ಪ್ರತಿ ಷೇರಿಗೆ 2.50 ಅಪಾಯವೆಂದರೆ 400 ಷೇರುಗಳನ್ನು ಕೊಳ್ಳಬಹುದು ಎಂದು ಸೂತ್ರ ಹೇಳುತ್ತದೆ. 400 ಷೇರುಗಳ ಬೆಲೆ 2,00,000. ಅಂದರೆ ನಿಮ್ಮಲ್ಲಿರುವ ಹಣದ ಎರಡರಷ್ಟು! ಉಳಿದ ಅರ್ಧ ಮಾರ್ಜಿನ್ ರೂಪದ ಸಾಲದಿಂದ ಬರಬೇಕು ಎಂಬ ಸಂಗತಿಯನ್ನು ಎಚ್ಚರಿಕೆಯ ನಿಯಮದ ಮರೆಯಲ್ಲಿ ಉಳಿಸಿಬಿಡುವ ಲೇಖಕರಿದ್ದಾರೆ, ಇದು ಸಣ್ಣ ಲೋಪವಲ್ಲ. ಸ್ಟಾಪ್ ಲಾಸ್ ಇಟ್ಟರೆ ನಷ್ಟ ಅಲ್ಲಿಗೇ ನಿಲ್ಲುತ್ತದೆ ಎಂಬ ಭರವಸೆಯನ್ನೂ ಹಾಗೆಯೇ ಪರೀಕ್ಷಿಸಿ. 2015ರ ಜನವರಿ 15ರಂದು ಸ್ವಿಟ್ಜರ್‌ಲೆಂಡಿನ ಕೇಂದ್ರ ಬ್ಯಾಂಕು ಒಂದು ಯೂರೋಗೆ 1.20 ಫ್ರಾಂಕ್ ಎಂಬ ತನ್ನ ಕನಿಷ್ಠ ಮಿತಿಯನ್ನು ದಿಢೀರನೆ ಕೈಬಿಟ್ಟಾಗ ಯೂರೋದ ಬೆಲೆ ಕೆಲವೇ ನಿಮಿಷಗಳಲ್ಲಿ ಕುಸಿಯಿತು. ಇಟ್ಟ ಬೆಲೆಗೆ ಎದುರು ವ್ಯಾಪಾರಿಯೇ ಇಲ್ಲದೆ ಬಹಳ ಮಂದಿಯ ಸ್ಟಾಪ್ ಲಾಸ್ ಆದೇಶಗಳು ತೀರಾ ಕೆಳಗಿನ ಬೆಲೆಗೆ ಜಾರಿಯಾದವು. ಸಾಲದ ಮೇಲೆ ನಿಂತಿದ್ದವರಲ್ಲಿ ಕೆಲವರು ಖಾತೆಯಲ್ಲಿದ್ದ ಹಣಕ್ಕಿಂತ ಹೆಚ್ಚು ಕಳೆದುಕೊಂಡರು. ಅಂಥ ದಿನಗಳ ಬಗ್ಗೆ ಒಂದು ಮಾತೂ ಇಲ್ಲದ ಪುಸ್ತಕ ಅಪೂರ್ಣ.

ಈ ಕೆಲಸದಲ್ಲಿ ಗೆಲ್ಲುವವರು ಎಷ್ಟು ಮಂದಿ ಎಂಬುದನ್ನು ಪುಸ್ತಕ ಆರಂಭದಲ್ಲೇ ಹೇಳಬೇಕು. ತೈವಾನಿನ 1992ರಿಂದ 2006ರವರೆಗಿನ ವಹಿವಾಟುಗಳನ್ನು ಪರಿಶೀಲಿಸಿದ ಸಂಶೋಧಕರಿಗೆ, ಖರ್ಚು ಕಳೆದ ಮೇಲೂ ನೆಚ್ಚಬಹುದಾದಷ್ಟು ಸ್ಥಿರವಾಗಿ ಲಾಭ ಗಳಿಸುತ್ತಿದ್ದವರು ಡೇ ಟ್ರೇಡರುಗಳಲ್ಲಿ ಶೇ 1ಕ್ಕಿಂತಲೂ ಕಡಿಮೆ ಎಂದು ಕಂಡುಬಂತು. ಬ್ರೆಜಿಲ್‌ನಲ್ಲಿ 2013ರಿಂದ 2015ರ ನಡುವೆ ಷೇರು ಸೂಚ್ಯಂಕದ ಫ್ಯೂಚರ್ಸ್‌ನಲ್ಲಿ (ಮುಂದಿನ ದಿನಾಂಕದ ವಹಿವಾಟಿನ ಬೆಲೆಯನ್ನು ಈಗಲೇ ಗೊತ್ತುಮಾಡುವ ಒಪ್ಪಂದ) ಡೇ ಟ್ರೇಡಿಂಗ್ ಆರಂಭಿಸಿ 300ಕ್ಕೂ ಹೆಚ್ಚು ದಿನ ಪಟ್ಟುಬಿಡದೆ ಮುಂದುವರಿಸಿದವರಲ್ಲಿ ಶೇ 97ರಷ್ಟು ಮಂದಿ ಹಣ ಕಳೆದುಕೊಂಡಿದ್ದರು. ಭಾರತದ ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದಕ್ಕೆ ಹೊರತಲ್ಲ: 2022–23ರಲ್ಲಿ ಷೇರುಗಳ ಇಂಟ್ರಾಡೇ (ಒಂದೇ ದಿನದೊಳಗಿನ) ವಹಿವಾಟು ನಡೆಸಿದ ಹತ್ತು ಜನರಲ್ಲಿ ಏಳು ಮಂದಿಗೆ ನಷ್ಟವಾಗಿತ್ತು, ವರ್ಷಕ್ಕೆ 500ಕ್ಕಿಂತ ಹೆಚ್ಚು ವಹಿವಾಟು ಮಾಡಿದವರಲ್ಲಿ ಆ ಪ್ರಮಾಣ ಶೇ 80ಕ್ಕೆ ಏರಿತ್ತು. ಅಭ್ಯಾಸ ಹೆಚ್ಚಾದಂತೆ ಲಾಭ ತಾನಾಗಿಯೇ ಬರುತ್ತದೆ ಎಂಬ ಮಾತನ್ನು ಪುಸ್ತಕದಲ್ಲಿ ಓದಿದಾಗ ಈ ಅಂಕಿಗಳು ನಿಮ್ಮ ನೆನಪಿಗೆ ಬರಲಿ.

ಪುಸ್ತಕ ಅಚ್ಚಾದ ವರ್ಷವನ್ನೂ ಗಮನಿಸಿ. ಅಮೆರಿಕದ ಪೇಟೆಗಳಲ್ಲಿ ಷೇರಿನ ಬೆಲೆಯನ್ನು ಡಾಲರಿನ ಹದಿನಾರನೇ ಒಂದು ಭಾಗದ ಲೆಕ್ಕದಲ್ಲಿ ನಮೂದಿಸುತ್ತಿದ್ದ ಕಾಲದಲ್ಲಿ ಕೊಳ್ಳುವ ಮತ್ತು ಮಾರುವ ಬೆಲೆಗಳ ನಡುವಿನ ಅಂತರವನ್ನೇ ಗಳಿಕೆಯಾಗಿಸಿಕೊಳ್ಳುವ ವಿಧಾನಗಳಿದ್ದವು. 2001ರಲ್ಲಿ ಬೆಲೆಗಳು ಸೆಂಟಿನ ಲೆಕ್ಕಕ್ಕೆ ಬದಲಾದ ಮೇಲೆ ಆ ಅಂತರ ಕುಗ್ಗಿ, ವಿಧಾನಗಳೂ ಹಳತಾದವು. ಆದೇಶಗಳ ಬಗೆ, ಮಾರ್ಜಿನ್ ಎಂದರೇನು ಎಂಬಂಥ ಮೂಲಪಾಠಗಳು ಅಷ್ಟು ಬೇಗ ಹಳಸುವುದಿಲ್ಲ.

ಪ್ರಶ್ನೆ: ನಾನು ಓದುತ್ತಿರುವ ಕೈಪಿಡಿಯಲ್ಲಿ ಅರ್ಧದಷ್ಟು ಪುಟಗಳು ಮನಸ್ಸಿನ ಹತೋಟಿ, ಶಿಸ್ತು, ತಾಳ್ಮೆ ಎಂಬ ಮಾತುಗಳಿಗೇ ಮೀಸಲಾಗಿವೆ. ಇದು ಬರೀ ಪುಟ ತುಂಬಿಸುವ ಕೆಲಸವೇ?

ಉತ್ತರ: ಹಾಗೆಂದು ಪೂರ್ತಿಯಾಗಿ ತಳ್ಳಿಹಾಕಲಾಗದು. ಹತ್ತರಲ್ಲಿ ಆರು ಸಲ ಸೋಲುವ ವಿಧಾನದಲ್ಲಿ ಯಾವುದೇ ಐದು ವಹಿವಾಟುಗಳನ್ನು ತೆಗೆದುಕೊಂಡರೂ ಐದಕ್ಕೆ ಐದೂ ಸೋಲುವ ಸಂಭವ ಸುಮಾರು ಶೇ 8ರಷ್ಟಿದೆ. ಹಾಗಾಗಿ ನೂರು ವಹಿವಾಟುಗಳಲ್ಲಿ ಅಂಥ ಸರಣಿ ಒಮ್ಮೆಯಾದರೂ ಎದುರಾಗುವುದು ಬಹುತೇಕ ಖಚಿತ, ಮತ್ತು ಆಗ ಕಳೆದದ್ದನ್ನು ಒಂದೇ ಏಟಿಗೆ ಹಿಂದಕ್ಕೆ ಪಡೆಯುವ ಹಟ ಹುಟ್ಟುತ್ತದೆ. ಈ ಲೆಕ್ಕವನ್ನು ಮುಂದಿಟ್ಟು, ದಿನಕ್ಕೆ ಎಷ್ಟು ನಷ್ಟವಾದರೆ ಎದ್ದುಬಿಡಬೇಕು, ದಾಖಲೆಯಲ್ಲಿ ಏನೇನು ಬರೆಯಬೇಕು ಎಂದು ಹೇಳಿಕೊಡುವ ಅಧ್ಯಾಯ ಬೆಲೆಯುಳ್ಳದ್ದು. ಸೋತವರೆಲ್ಲ ಶಿಸ್ತಿಲ್ಲದ್ದರಿಂದಲೇ ಸೋತರು ಎಂದು ಹೇಳುವ ಅಧ್ಯಾಯವಾದರೆ, ಅದು ವಿಧಾನದ ದೋಷವನ್ನು ಓದುಗರ ತಲೆಗೆ ಕಟ್ಟುತ್ತಿದೆ ಎಂದೇ ತಿಳಿಯಬೇಕು.

ಪ್ರಶ್ನೆ: ಪುಸ್ತಕದಲ್ಲಿ ಹೇಳಿದಂತೆ ಹಣ ಹಾಕದೆ ಮೂರು ವಾರ ಕಾಗದದ ಮೇಲೆ ವಹಿವಾಟು ಮಾಡಿ ನೋಡಿದೆ. ಒಟ್ಟು ಹದಿನೆಂಟು ವಹಿವಾಟುಗಳಲ್ಲಿ ಹನ್ನೊಂದು ಲಾಭದಲ್ಲಿವೆ. ಪುಸ್ತಕ ಕೆಲಸ ಮಾಡುತ್ತಿದೆ ಎಂದು ನಂಬಿ ಉಳಿತಾಯದ ಹಣ ಹಾಕಬಹುದೇ?

ಉತ್ತರ: ದಯವಿಟ್ಟು ಈಗಲೇ ಹಾಕಬೇಡಿ. ನಾಣ್ಯವನ್ನು ಹದಿನೆಂಟು ಸಲ ಚಿಮ್ಮಿದರೂ ಹನ್ನೊಂದು ಅಥವಾ ಅದಕ್ಕಿಂತ ಹೆಚ್ಚು ಸಲ ಒಂದೇ ಮುಖ ಬೀಳುವುದು ಅಪರೂಪವೇನಲ್ಲ. ಇಷ್ಟು ಕಡಿಮೆ ಸಂಖ್ಯೆಯಿಂದ ವಿಧಾನದ ಗುಣ ತಿಳಿಯದು. ಅಲ್ಲದೆ ಕಾಗದದ ಮೇಲೆ ನೀವು ಬರೆದ ಬೆಲೆಗೇ ಕೊಂಡಂತಾಗುತ್ತದೆ, ನಿಜವಾದ ಪೇಟೆಯಲ್ಲಿ ನಿಮ್ಮ ಆದೇಶ ತಲುಪುವಷ್ಟರಲ್ಲಿ ಬೆಲೆ ಸರಿದಿರುತ್ತದೆ. ಕನಿಷ್ಠ ನೂರು ವಹಿವಾಟುಗಳನ್ನು ಸಮಯ, ಕೊಂಡ ಬೆಲೆ, ಮಾರಿದ ಬೆಲೆ, ಅಂದಾಜು ಖರ್ಚಿನೊಡನೆ ಬರೆದಿಡಿ. ಅವುಗಳಲ್ಲಿ ಪೇಟೆ ಏರುತ್ತಿದ್ದ ವಾರಗಳೂ ಇಳಿಯುತ್ತಿದ್ದ ವಾರಗಳೂ ಇರಲಿ. ಖರ್ಚು ಕಳೆದ ಮೇಲೆ ಉಳಿಕೆ ಕಂಡರೆ, ಪೂರ್ತಿ ಕಳೆದುಹೋದರೂ ಮನೆಯ ಯಾವ ಅಗತ್ಯಕ್ಕೂ ಕೊರತೆಯಾಗದಷ್ಟು ಸಣ್ಣ ಮೊತ್ತದಿಂದ, ಸಾಲ ತೆಗೆಯದೆ ಆರಂಭಿಸಬಹುದು. ಆಗಲೂ ಅದೇ ದಾಖಲೆಯನ್ನು ಮುಂದುವರಿಸಿ, ಕಾಗದದ ಮೇಲೆ ಊಹಿಸಿದ ಬೆಲೆಗೂ ನಿಜವಾಗಿ ಸಿಕ್ಕ ಬೆಲೆಗೂ ಇರುವ ವ್ಯತ್ಯಾಸವನ್ನು ಪಕ್ಕದ ಸಾಲಿನಲ್ಲಿ ಬರೆಯುತ್ತಾ ಹೋಗಿ.