ಒಂದು ಮುದ್ದೆ ಅಂದ್ರೆ ಎಷ್ಟು ಗ್ರಾಂ?

ಊಟ ಮತ್ತು ತೂಕದ ಬಗ್ಗೆ ಓದುಗರು ಕೇಳಿದ್ದು, ನಮ್ಮ ಆಹಾರ ತಜ್ಞೆ ಹೇಳಿದ್ದು

ಪ್ರಶ್ನೆ: ಮೇಡಂ, ನನಗೆ 38 ವರ್ಷ. ಐದು ತಿಂಗಳಲ್ಲಿ 78 ಕೆಜಿಯಿಂದ 71ಕ್ಕೆ ಇಳಿದೆ. ಈಗ ಆರು ವಾರದಿಂದ ಮುಳ್ಳು ಅಲ್ಲಾಡ್ತಿಲ್ಲ. ಥೈರಾಯ್ಡ್ ಪರೀಕ್ಷೆ ಮಾಡಿಸಿದೆ, ನಾರ್ಮಲ್. ಬೆಳಿಗ್ಗೆ ಎರಡು ದೋಸೆ, ಕಾಯಿ ಚಟ್ನಿ. ಮಧ್ಯಾಹ್ನ ಒಂದೇ ಒಂದು ಮುದ್ದೆ, ಸೊಪ್ಪಿನ ಸಾರು, ಅರ್ಧ ಬಟ್ಟಲು ಅನ್ನ. ಸಂಜೆ ಒಂದು ಹಿಡಿ ಕಡಲೆಕಾಯಿ ಬೀಜ. ರಾತ್ರಿ ಎರಡು ಚಪಾತಿ, ಪಲ್ಯ. ದಿನಕ್ಕೆ ಮೂರು ಕಾಫಿ. ಸಿಹಿ ಮುಟ್ಟಲ್ಲ. ಇನ್ನೇನು ಬಿಡಲಿ ಹೇಳಿ? ನಾದಿನಿ ಊಟ ತೂಗಿ ತಿನ್ನಿ ಅಂತಾಳೆ. ಅತ್ತೆ ಮಾತ್ರ ‘ಇದೇನು ಬಂಗಾರದ ಅಂಗಡೀನಾ’ ಅಂತ ನಗ್ತಾರೆ.
— ಹೆಸರು ಬೇಡ, ತುಮಕೂರು

ಉತ್ತರ: ಸದ್ಯಕ್ಕೆ ಏನೂ ಬಿಡಬೇಡಿ. ನಾದಿನಿ ಹೇಳಿದ್ದು ಸರಿ. ಒಂದು ವಾರ, ಈಗ ಹೇಗೆ ತಿನ್ನುತ್ತಿದ್ದೀರೋ ಹಾಗೇ ತಿನ್ನಿ, ಆದರೆ ತೂಗಿ ಬರೆದಿಡಿ.

ನಿಮ್ಮ ಪತ್ರವನ್ನು ಇನ್ನೊಂದು ಸಲ ಓದಿ ನೋಡಿ. ಒಂದು ಮುದ್ದೆ, ಅರ್ಧ ಬಟ್ಟಲು, ಒಂದು ಹಿಡಿ. ಇದರಲ್ಲಿ ಒಂದಾದರೂ ಅಳತೆ ಇದೆಯಾ? ಮುದ್ದೆಯನ್ನೇ ತೆಗೆದುಕೊಳ್ಳಿ. ಎಲ್ಲರಿಗೂ ಕಟ್ಟಿ ಬಡಿಸಿ, ಕೊನೆಗೆ ಪಾತ್ರೆಯ ತಳದಲ್ಲಿ ಉಳಿದದ್ದನ್ನೆಲ್ಲ ಬಳಿದು ಸೇರಿಸಿ ಕಟ್ಟುವುದು ನಿಮ್ಮ ಮುದ್ದೆ, ಅಲ್ವಾ? ಲೆಕ್ಕಕ್ಕೆ ಅದೂ ಒಂದೇ ಮುದ್ದೆ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲರಿ ಇರುತ್ತದೆ. ನೂರು ಗ್ರಾಂ ಹಿಟ್ಟಿನ ಮುದ್ದೆ ನೀರು ಸೇರಿ ಹೆಚ್ಚುಕಡಿಮೆ 300 ಗ್ರಾಂ ತೂಗುತ್ತದೆ. ನಿಮ್ಮದು 400 ಗ್ರಾಂ ಇದ್ದರೆ ಅಲ್ಲಿಗೇ ನೂರು ಕ್ಯಾಲರಿ ಜಾಸ್ತಿ. ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ನೀವು ಸುಳ್ಳು ಹೇಳುತ್ತಿದ್ದೀರಿ ಅಂತ ಖಂಡಿತ ಅಲ್ಲ. 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಅಮೆರಿಕದ ಒಂದು ಅಧ್ಯಯನ ಬಂದಿತ್ತು. ದಿನಕ್ಕೆ 1200 ಕ್ಯಾಲರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಅನ್ನುತ್ತಿದ್ದ ಹತ್ತು ಜನರನ್ನು ಕರೆಸಿ, ಅವರ ದೇಹ ನಿಜವಾಗಿ ಎಷ್ಟು ಖರ್ಚು ಮಾಡುತ್ತದೆ ಅಂತ ಅಳೆದರು. ಖರ್ಚಿನಲ್ಲಿ ಏನೂ ದೋಷ ಇರಲಿಲ್ಲ. ತಿಂದದ್ದನ್ನು ಮಾತ್ರ ಸರಾಸರಿ ಶೇ 47ರಷ್ಟು ಕಡಿಮೆ ಬರೆದಿದ್ದರು, ಓಡಾಟವನ್ನು ಶೇ 51ರಷ್ಟು ಜಾಸ್ತಿ ಬರೆದಿದ್ದರು. ನಾನೂ ಇದಕ್ಕೆ ಹೊರತಲ್ಲ. ದಿನಾ ಊರವರಿಗೆಲ್ಲ ಡಯಟ್ ಹೇಳುವ ನಾನು ಒಂದು ದಿನ ನನ್ನ ‘ಒಂದು ಹಿಡಿ’ ಕಡಲೆಕಾಯಿ ಬೀಜವನ್ನು ತಕ್ಕಡಿಗೆ ಸುರಿದೆ. 20 ಗ್ರಾಂ ಇರಬಹುದು ಅಂದುಕೊಂಡಿದ್ದೆ, 43 ತೋರಿಸಿತು. ಅಂದರೆ 230ಕ್ಕೂ ಜಾಸ್ತಿ ಕ್ಯಾಲರಿ. ಎರಡು ಚಪಾತಿ ತಿಂದ ಹಾಗೆ, ಅದೂ ಟಿವಿ ನೋಡುತ್ತಾ.

ತಕ್ಕಡಿಗೆ ಜಾಸ್ತಿ ದುಡ್ಡು ಹಾಕಬೇಡಿ. ಕೆಲವು ನೂರು ರೂಪಾಯಿಗೆ ಸಿಗುವ, ಒಂದು ಗ್ರಾಂ ವ್ಯತ್ಯಾಸ ತೋರಿಸುವ ಡಿಜಿಟಲ್ ತಕ್ಕಡಿ ಸಾಕು. ಪಾತ್ರೆ ಇಟ್ಟು ಸೊನ್ನೆ ಮಾಡುವ ‘ಟೇರ್’ ಬಟನ್ ಮಾತ್ರ ಇರಲೇಬೇಕು. ತಂದ ದಿನ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಒಂದನ್ನು ಇಟ್ಟು ನೋಡಿ. ಹಾಲು ನೀರಿಗಿಂತ ಸ್ವಲ್ಪ ಭಾರ, ಹಾಗಾಗಿ ಕವರೂ ಸೇರಿ 515ರಿಂದ 520 ಗ್ರಾಂ ಆಸುಪಾಸು ಬರಬೇಕು. 470 ತೋರಿಸಿದರೆ ಅಂಗಡಿಗೆ ವಾಪಸ್ ಕೊಡಿ.

ಇನ್ನು ಎಣ್ಣೆ. ನಿಮ್ಮ ಪತ್ರದಲ್ಲಿ ಅದರ ಹೆಸರೇ ಇಲ್ಲ. ಯಾರ ಪತ್ರದಲ್ಲೂ ಇರುವುದಿಲ್ಲ ಬಿಡಿ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲರಿ, ಅದು ಕಡಲೆಕಾಯಿ ಎಣ್ಣೆಯಾದರೂ ಅಷ್ಟೇ, ಗಾಣದ್ದಾದರೂ ಅಷ್ಟೇ. ದೋಸೆ ಹುಯ್ಯುವ ಮೊದಲು ಎಣ್ಣೆ ಬಟ್ಟಲನ್ನು ಚಮಚದ ಸಮೇತ ತೂಗಿ. ಕೊನೆಯ ದೋಸೆ ಎದ್ದ ಮೇಲೆ ಮತ್ತೆ ತೂಗಿ. ಕಡಿಮೆಯಾದದ್ದೆಲ್ಲ ಕಾವಲಿಗೆ ಹೋದ ಎಣ್ಣೆ, ದೋಸೆಯ ಲೆಕ್ಕದಲ್ಲಿ ಭಾಗಿಸಿದರೆ ಆಯಿತು. ಒಗ್ಗರಣೆಗೂ ಇದೇ ಉಪಾಯ. ಇಷ್ಟೂ ಪುರಸೊತ್ತಿಲ್ಲ ಅಂದರೆ, ಎಣ್ಣೆ ಪ್ಯಾಕೆಟ್ ಕತ್ತರಿಸಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಒಂದು ಲೀಟರ್ ಅಂದರೆ ಸುಮಾರು 910 ಗ್ರಾಂ. ಈಗೀಗ ಕೆಲವು ಪ್ಯಾಕೆಟ್ಟಿನಲ್ಲಿ ಅದಕ್ಕಿಂತ ಕಡಿಮೆ ಇರುತ್ತದೆ, ಕವರಿನ ಮೇಲೆ ಓದಿಕೊಳ್ಳಿ. ನಾಲ್ಕು ಜನರ ಮನೆಯಲ್ಲಿ ಅದು ಆರು ದಿನಕ್ಕೆ ಖಾಲಿಯಾದರೆ ತಲೆಗೆ ದಿನಕ್ಕೆ 38 ಗ್ರಾಂ, ಅಂದರೆ ಸುಮಾರು 340 ಕ್ಯಾಲರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ 2000 ಕ್ಯಾಲರಿಯ ಇಡೀ ದಿನದ ಊಟಕ್ಕೆ ಇಟ್ಟಿರುವ ಎಣ್ಣೆ-ತುಪ್ಪ 27 ಗ್ರಾಂ. ತೂಕ ಇಳಿಸುತ್ತಿರುವ ನಿಮಗೆ ಅದಕ್ಕಿಂತಲೂ ಕಡಿಮೆ ಬೇಕು.

ಚಟ್ನಿಯೂ ಹಾಗೇ. ನೂರು ಗ್ರಾಂ ಹಸಿ ತೆಂಗಿನ ತುರಿಗೆ 350ರಿಂದ 400 ಕ್ಯಾಲರಿ. ಮಿಕ್ಸಿಗೆ ಹಾಕುವ ಮೊದಲು ತುರಿಯನ್ನೂ ಹುರಿಗಡಲೆಯನ್ನೂ ತೂಗಿಕೊಳ್ಳಿ, ನೀರು ಸೇರಿದ ಮೇಲೆ ಏನೂ ಗೊತ್ತಾಗುವುದಿಲ್ಲ. ಕಾಫಿಯಲ್ಲಿ ಡಿಕಾಕ್ಷನ್ ಪಾಪದ್ದು. ನೂರು ಎಂಎಲ್ ಟೋನ್ಡ್ ಹಾಲು ಅಂದರೆ 60 ಕ್ಯಾಲರಿ, ಎರಡು ಚಮಚ ಸಕ್ಕರೆಗೆ ಇನ್ನೊಂದು 40. ಮೂರು ಲೋಟಕ್ಕೆ ಮುನ್ನೂರು. ಸಿಹಿ ಮುಟ್ಟಲ್ಲ ಅಂತ ಬರೆದಿದ್ದೀರಿ, ಕಾಫಿಗೆ ಸಕ್ಕರೆ ಹಾಕುತ್ತೀರಾ ಇಲ್ವಾ ಅಂತ ಬರೆದಿಲ್ಲ!

ಮನೆಮಂದಿಗೆಲ್ಲ ಒಟ್ಟಿಗೆ ಅಡುಗೆ ಮಾಡುವಾಗ ನನ್ನ ಪಾಲು ಎಷ್ಟು ಅಂತ ಹೇಗೆ ತಿಳಿಯೋದು ಅಂತ ಎಲ್ಲರೂ ಕೇಳುತ್ತಾರೆ. ಪಾತ್ರೆಯನ್ನೇ ತೂಗಬೇಕು. ಅನ್ನದ ಪಾತ್ರೆಯ ಖಾಲಿ ತೂಕ 640 ಗ್ರಾಂ ಅಂತಿಟ್ಟುಕೊಳ್ಳಿ. ಅದನ್ನು ಒಂದು ಚೀಟಿಯಲ್ಲಿ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿ. 300 ಗ್ರಾಂ ಅಕ್ಕಿ ಇಟ್ಟಿರಿ, ಬೆಂದ ಮೇಲೆ ಪಾತ್ರೆ ಸಮೇತ 1480 ಬಂತು. ಅಂದರೆ ಅನ್ನ 840 ಗ್ರಾಂ, ಅಕ್ಕಿಯ 2.8 ಪಟ್ಟು. ನೀವು 140 ಗ್ರಾಂ ಅನ್ನ ಹಾಕಿಕೊಂಡರೆ ಅದು 50 ಗ್ರಾಂ ಅಕ್ಕಿ, ಸುಮಾರು 175 ಕ್ಯಾಲರಿ. ಮೊದಲ ಎರಡು ದಿನ ತಲೆ ಕೆಡುತ್ತದೆ, ಮೂರನೇ ದಿನಕ್ಕೆ ಕೈಗೆ ಬರುತ್ತದೆ.

ಸೊಪ್ಪು, ಸೌತೆಕಾಯಿ, ಮೂಲಂಗಿ, ಹೀರೇಕಾಯಿ ತೂಗಲು ಹೋಗಬೇಡಿ. ಸುಮ್ನೆ ಬೇಜಾರು. ಅಕ್ಕಿ-ರಾಗಿ-ಗೋಧಿ, ಎಣ್ಣೆ-ತುಪ್ಪ, ಕಾಯಿ ಮತ್ತು ಬೀಜಗಳು, ಹಾಲು-ಸಕ್ಕರೆ ಇಷ್ಟು ತೂಗಿದರೆ ಸಾಕು. ಜೊತೆಗೆ ಬಾಯಿಗೆ ಹಾಕಿಕೊಂಡ ‘ಚೂರು’ಗಳನ್ನೂ ಬರೆಯಿರಿ: ಉಪ್ಪು ನೋಡಿದ್ದು, ಮಗು ತಟ್ಟೆಯಲ್ಲಿ ಬಿಟ್ಟ ಅರ್ಧ ದೋಸೆ, ಚೆಲ್ಲೋದು ಯಾಕೆ ಅಂತ ತಿಂದದ್ದು.

ವಾರ ಕಳೆದ ಮೇಲೆ ಪಟ್ಟಿ ನೋಡಿ ಒಂದೆರಡು ಕಡೆ ಮಾತ್ರ ಕೈ ಹಾಕಿ. ಎಲ್ಲವನ್ನೂ ಒಟ್ಟಿಗೆ ಕಡಿದರೆ ಹದಿನೈದು ದಿನ ನಡೆದೀತು, ಆಮೇಲೆ ನಡೆಯುವುದಿಲ್ಲ. ಕಡಲೆಕಾಯಿ ಬೀಜವನ್ನು 20 ಗ್ರಾಂನಂತೆ ಏಳು ಪುಟ್ಟ ಡಬ್ಬಿಗೆ ಭಾನುವಾರವೇ ತುಂಬಿಡಿ. ಎಣ್ಣೆಗೆ ದೊಡ್ಡ ಸೌಟು ಬಿಟ್ಟು 5 ಎಂಎಲ್ ಅಳತೆ ಚಮಚ ಇಟ್ಟುಕೊಳ್ಳಿ. ಬೇಳೆ, ಮೊಸರು, ಮೊಟ್ಟೆ ತಿನ್ನುತ್ತಿದ್ದರೆ ಅದನ್ನು ಮಾತ್ರ ಇಳಿಸಬೇಡಿ.

ಇನ್ನೊಂದು ಮಾತು. 78 ಕೆಜಿಯ ದೇಹ ಹೊತ್ತು ಓಡಾಡಲು ಬೇಕಿದ್ದಷ್ಟು ಶಕ್ತಿ 71ಕ್ಕೆ ಬೇಕಾಗುವುದಿಲ್ಲ. ಮೊದಲು ತೂಕ ಇಳಿಸುತ್ತಿದ್ದ ಊಟವೇ ಈಗ ತೂಕ ಕಾಯುವ ಊಟವಾಗಿರಬಹುದು. ಹಾಗೇ, ಹತ್ತು ದಿನ ಮುಳ್ಳು ನಿಂತರೆ ಅದಕ್ಕೆ ತಡೆ ಅನ್ನುವುದಿಲ್ಲ. ಮುಟ್ಟಿನ ಹಿಂದಿನ ವಾರ, ಉಪ್ಪಿನಕಾಯಿ-ಹಪ್ಪಳದ ಹಬ್ಬದೂಟದ ಮಾರನೇ ದಿನ, ಮೈಯಲ್ಲಿ ನೀರು ನಿಂತು ಒಂದು ಕೆಜಿ ಏರುವುದು ಮಾಮೂಲು. ಬೆಳಿಗ್ಗೆ ಎದ್ದು ಶೌಚಕ್ಕೆ ಹೋಗಿ ಬಂದ ಮೇಲೆ, ಕಾಫಿಗೆ ಮೊದಲು ತೂಕ ನೋಡಿ, ಏಳು ದಿನದ ಸರಾಸರಿ ತೆಗೆಯಿರಿ. ನಿಮ್ಮದು ಆರು ವಾರ, ಹಾಗಾಗಿ ನೀರಿನ ಮೇಲೆ ತಪ್ಪು ಹಾಕುವಂತಿಲ್ಲ. ಪ್ರಾಮಾಣಿಕವಾಗಿ ತೂಗಿ ತಿಂದೂ ಇನ್ನೊಂದು ತಿಂಗಳು ಇಳಿಯದಿದ್ದರೆ ಆ ಪಟ್ಟಿ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ. ಬೇರೆ ಕಾಯಿಲೆಗೆ ಮಾತ್ರೆ ತಗೊಳ್ತಿದ್ದರೆ ಅದನ್ನೂ ಹೇಳಿ, ಕೆಲವು ಔಷಧಿಗಳಿಂದ ತೂಕ ಏರುತ್ತದೆ.

ಅತ್ತೆಗೆ ಹೇಳಿ, ಅವರ ಕಾಲದಲ್ಲಿ ಪಾವಿನಲ್ಲಿ ಅಳೆದೇ ಅಕ್ಕಿ ಹಾಕುತ್ತಿದ್ದರು, ಚಟಾಕು ಲೆಕ್ಕದಲ್ಲೇ ತುಪ್ಪ ತರುತ್ತಿದ್ದರು. ಅಂದಾಜಿನ ಮೇಲೆ ಸುರಿಯುವುದನ್ನು ಕಲಿತವರು ನಾವು.

ಪ್ರಶ್ನೆ: ಆ್ಯಪ್‌ನಲ್ಲಿ ಅನ್ನ 100 ಗ್ರಾಂ ಅಂತ ಹಾಕಿದರೆ ಒಮ್ಮೆ 130 ತೋರಿಸ್ತದ, ಇನ್ನೊಮ್ಮೆ 350. ಯಾವುದು ಖರೆ? ಜೋಳದ ರೊಟ್ಟಿ ಹೆಂಗ ತೂಗಬೇಕು?
— ಹುಬ್ಬಳ್ಳಿಯ ಓದುಗರು

ಉತ್ತರ: ಎರಡೂ ಖರೆ. 130 ಬೆಂದ ಅನ್ನಕ್ಕೆ, 350 ಹಸಿ ಅಕ್ಕಿಗೆ. ನೀವು ಅಕ್ಕಿ ತೂಗಿ ಅನ್ನದ ಸಾಲು ಒತ್ತಿದರೆ ಲೆಕ್ಕ ಅರ್ಧಕ್ಕಿಂತ ಕೆಳಗೆ ಹೋಗುತ್ತದೆ, ಆಮೇಲೆ ‘ಇಷ್ಟು ಕಮ್ಮಿ ತಿಂದರೂ ಇಳಿಯೋದಿಲ್ಲ’ ಅನ್ನುವ ಮಾತು ಬರುತ್ತದೆ. ಆದಷ್ಟು ಹಸಿಯಾಗಿದ್ದಾಗಲೇ ತೂಗಿ. ಬೆಂದ ಮೇಲೆ ನೀವು ತೂಗುವುದರಲ್ಲಿ ಬಹುಪಾಲು ನೀರು, ಅದೂ ದಿನಕ್ಕೊಂದು ಥರ.

ರೊಟ್ಟಿಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಒಂದೇ ಅಳತೆಯ ಹಿಟ್ಟಿನಿಂದ ಒಂದು ಮೆತ್ತನೆಯ ರೊಟ್ಟಿ, ಒಂದು ಖಡಕ್ ರೊಟ್ಟಿ ಬಡಿದು ತೂಗಿ ನೋಡಿ. ಖಡಕ್ ಹಗುರ. ಒಣಗುವಾಗ ನೀರು ಹೋಗಿದೆ, ಜೋಳ ಅಲ್ಲೇ ಇದೆ, ಕ್ಯಾಲರಿಯೂ ಅಷ್ಟೇ ಇದೆ. ಹಗುರ ಅಂತ ಖಡಕ್ ರೊಟ್ಟಿ ನಾಲ್ಕು ಮುರಿದುಕೊಂಡು ತಿನ್ನುವವರು ಮೋಸ ಹೋಗುವುದು ಇಲ್ಲೇ. ಹಾಗಾಗಿ ಹಿಟ್ಟು ತೂಗಿ, ಎಷ್ಟು ರೊಟ್ಟಿ ಆಯಿತು ಅಂತ ಎಣಿಸಿ, ಭಾಗಿಸಿ. ಜೊತೆಗಿನ ಶೇಂಗಾ ಚಟ್ನಿಪುಡಿಯನ್ನು ಮರೆಯಬೇಡಿ, ಅದಕ್ಕೆ ಮೇಲೆ ಎಣ್ಣೆ ಬೇರೆ.

ಪ್ರಶ್ನೆ: ಬೆಂಗಳೂರಲ್ಲಿ ಪಿಜಿಯಲ್ಲಿದ್ದೀನಿ. ತಕ್ಕಡಿ ತಗೊಂಡು ಊಟದ ಹಾಲ್‌ಗೆ ಹೋದರೆ ಫ್ರೆಂಡ್ಸ್ ಬಿಡಲ್ಲ. ಏನು ಮಾಡಲಿ?

ಉತ್ತರ: ಹಾಲ್‌ಗೆ ಒಯ್ಯಬೇಡಿ. ಒಂದು ದಿನ ತಟ್ಟೆಯನ್ನು ರೂಮಿಗೆ ತಂದು, ಅಲ್ಲಿನ ಸೌಟಿನಲ್ಲಿ ಒಂದು ಸೌಟು ಅನ್ನ ಎಷ್ಟು ತೂಗುತ್ತದೆ ಅಂತ ಒಮ್ಮೆ ನೋಡಿಕೊಳ್ಳಿ. ಆಮೇಲೆ ಸೌಟು ಎಣಿಸಿದರಾಯಿತು. ಸಾಂಬಾರನ್ನು ಮೇಲಿಂದ ತೆಗೆಯುವ ಬದಲು ಎಣ್ಣೆ ಸರಿಸಿ ಕೆಳಗಿಂದ ಹಾಕಿಕೊಳ್ಳಿ. ಶನಿವಾರದ ಬೆಣ್ಣೆ ದೋಸೆಗೆ ಲೆಕ್ಕ ಹಾಕಲು ಹೋಗಬೇಡಿ, ತಿಂದು ಸುಮ್ಮನಾಗಿ. ಆದರೆ ವಾರಕ್ಕೆ ಒಂದೇ ಶನಿವಾರ.

ಪ್ರಶ್ನೆ: ಮಗಳಿಗೆ 17. ಹೋದ ವರ್ಷ ದಪ್ಪ ಇದ್ದೀನಿ ಅಂತ ಶುರು ಮಾಡಿದಳು. ಈಗ ಸೌತೆಕಾಯಿ ಹೋಳನ್ನೂ ತೂಗಿ ತಿಂತಾಳೆ. ಎರಡು ಗ್ರಾಂ ಜಾಸ್ತಿ ಆದರೆ ಅಳ್ತಾಳೆ. ಮೂರು ತಿಂಗಳಿಂದ ಮುಟ್ಟಾಗಿಲ್ಲ. ಶಿಸ್ತು ಅಂತ ಅವಳ ಅಪ್ಪ ಮೆಚ್ಚಿಕೊಳ್ತಾರೆ. ನನಗೆ ಭಯ.
— ಒಬ್ಬ ತಾಯಿ, ಮೈಸೂರು

ಉತ್ತರ: ನಿಮ್ಮ ಭಯ ಸರಿಯಾಗಿದೆ ಅಮ್ಮ. ಇದು ಶಿಸ್ತಲ್ಲ. ಮೇಲೆ ನಾನು ಹೇಳಿದ ಯಾವುದೂ ನಿಮ್ಮ ಮಗಳಿಗೆ ಅಲ್ಲ, ಈ ಪುಟವನ್ನು ಅವಳಿಗೆ ತೋರಿಸಲೂ ಬೇಡಿ. ಮುಟ್ಟು ನಿಂತಿದೆ ಅಂದರೆ ಊಟ ಸಾಲುತ್ತಿಲ್ಲ ಅಂತ ದೇಹವೇ ಹೇಳುತ್ತಿರಬಹುದು. ಈ ವಾರವೇ ಡಾಕ್ಟರಿಗೆ ತೋರಿಸಿ. ತಲೆಸುತ್ತು, ಎದೆಬಡಿತದಲ್ಲಿ ಏರುಪೇರು, ಎಚ್ಚರ ತಪ್ಪುವುದು ಕಂಡರೆ ವಾರವೂ ಕಾಯಬೇಡಿ. ಮನೋವೈದ್ಯರ ಸಹಾಯವೂ ಬೇಕಾಗುತ್ತದೆ. ಯಾರ ಹತ್ತಿರ ಹೋಗಬೇಕು ಗೊತ್ತಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತಕ್ಕಡಿಯನ್ನು ಜಗಳ ಮಾಡಿ ಕಿತ್ತುಕೊಳ್ಳಬೇಡಿ, ಅದನ್ನು ಯಾವಾಗ ಹೇಗೆ ತೆಗೆಯುವುದು ಅಂತ ಡಾಕ್ಟರನ್ನೇ ಕೇಳಿ. ಅವಳ ಅಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗಿ.