ಓಟ ಬಿಟ್ಟರೆ ಕೂದಲು ಉಳಿಯುತ್ತದೆಯೇ?

ಪ್ರಶ್ನೆ: ನನಗೆ 23 ವರ್ಷ. ಪೊಲೀಸ್ ನೇಮಕಾತಿಗಾಗಿ ದಿನವೂ ಬೆಳಿಗ್ಗೆ 1600 ಮೀಟರ್ ಓಟದ ಅಭ್ಯಾಸ ಮಾಡುತ್ತೇನೆ. ಸಂಜೆ ಜಿಮ್‌ಗೆ ಹೋಗುತ್ತೇನೆ. ತೂಕ ಇಳಿಸಲು ಕೆಲವು ತಿಂಗಳ ಹಿಂದೆ ರಾತ್ರಿಯೂಟ ಬಿಟ್ಟೆ. ಈಗ ದಿಂಬಿನ ಮೇಲೆ, ಬಚ್ಚಲಲ್ಲಿ ಕೂದಲೇ ಕೂದಲು. ವ್ಯಾಯಾಮದಿಂದ ಹಾರ್ಮೋನು ಏರಿ ತಲೆ ಬೋಳಾಗುತ್ತದೆ ಎನ್ನುತ್ತಾರೆ ಗೆಳೆಯರು. ಜಿಮ್‌ನಲ್ಲಿ ಸ್ನಾಯು ಬೆಳೆಯಲೆಂದು ಕ್ರಿಯಾಟಿನ್ ಪುಡಿ ಕೊಟ್ಟಿದ್ದಾರೆ, ಇಂಜೆಕ್ಷನ್ ಮಾತೂ ಬಂದಿದೆ. ಓಟ ನಿಲ್ಲಿಸಲೇ?
– ಓದುಗ, ಕಲಬುರಗಿ

ಉತ್ತರ: ನಿಲ್ಲಿಸಬೇಡಿ. ಭಾರ ಎತ್ತಿದಾಗ ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ಏರುವುದು ನಿಜ, ಆದರೆ ಸ್ವಲ್ಪ ಹೊತ್ತಿನಲ್ಲೇ ಇಳಿಯುತ್ತದೆ. ಗಂಡಸರ ಬೋಳುತನಕ್ಕೆ ಬೇಕಾದದ್ದು ಬೇರೆ: ಆ ಹಾರ್ಮೋನಿನಿಂದ ತಯಾರಾಗುವ ಡಿಎಚ್‌ಟಿಗೆ ಕೂದಲಿನ ಬುಡ ಮಣಿಯುವ ಗುಣ. ಅದು ತಂದೆಯ ಕಡೆಯಿಂದಲೂ ಬರಬಹುದು, ತಾಯಿಯ ಕಡೆಯಿಂದಲೂ ಬರಬಹುದು.

ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಹಚ್ಚಿದ್ದು ರಾತ್ರಿಯೂಟದ ಮಾತು. ಎರಡು ಹೊತ್ತು ದುಡಿಯುವ ದೇಹಕ್ಕೆ ಆಹಾರ ಸಾಲದಿದ್ದರೆ ಬೆಳೆಯುತ್ತಿರುವ ಕೂದಲುಗಳು ಒಮ್ಮೆಲೇ ವಿಶ್ರಾಂತಿ ಹಂತಕ್ಕೆ ಜಾರಿ, ಎರಡು ಮೂರು ತಿಂಗಳ ಮೇಲೆ ಉದುರುತ್ತವೆ. ಡೆಂಗಿ, ಟೈಫಾಯ್ಡ್ ಬಂದುಹೋದ ಮೇಲೂ ಹೀಗೆಯೇ ಆಗುತ್ತದೆ. ಕಾರಣ ಮರೆತೇಹೋದ ಹೊತ್ತಿಗೆ ಕೂದಲು ಕೈಗೆ ಬರುವುದರಿಂದ ಪಾಪದ ಓಟದ ಮೇಲೆ ಅಪವಾದ ಬರುತ್ತದೆ. ಇಂದಿನಿಂದಲೇ ರಾತ್ರಿ ಜೋಳದ ರೊಟ್ಟಿ, ಗಟ್ಟಿ ತೊಗರಿಬೇಳೆ, ಪುಂಡಿಪಲ್ಯ ಉಣ್ಣಿ. ತಿನ್ನುವವರಾದರೆ ಮೊಟ್ಟೆಯೂ ಇರಲಿ. ತೊಗರಿಯ ನಾಡಿನ ಹುಡುಗ ಬೇಳೆ ಬಿಟ್ಟು ಸೊರಗುವುದನ್ನು ನೋಡಲು ನನಗೆ ಸಂಕಟವಾಗುತ್ತದೆ. ಹೀಗೆ ಉದುರಿದ ಕೂದಲು ಕೆಲವು ತಿಂಗಳಲ್ಲಿ ಮರಳಿ ಬರುತ್ತದೆ.

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಆದರೆ ಹಣೆಯ ಎರಡು ಬದಿ ಹಿಂದೆ ಸರಿಯುತ್ತಿದ್ದರೆ, ನೆತ್ತಿಯ ಕೂದಲು ನವಿರಾಗುತ್ತಿದ್ದರೆ ಅದು ವಂಶದ ಬೋಳುತನ. ಮಿನಾಕ್ಸಿಡಿಲ್, ಫಿನಾಸ್ಟೆರೈಡ್ ಎಂಬ ಔಷಧಗಳಿವೆ. ಬೇಗ ಶುರುಮಾಡಿದಷ್ಟು ಒಳ್ಳೆಯದು, ವೈದ್ಯರನ್ನು ಕೇಳದೆ ಬೇಡ.

ಕ್ರಿಯಾಟಿನ್‌ನಿಂದ ಕೂದಲು ಉದುರುತ್ತದೆ ಎಂಬ ಹೆದರಿಕೆ ಹುಟ್ಟಿದ್ದು 2009ರಲ್ಲಿ ರಗ್ಬಿ ಆಟಗಾರರ ಮೇಲೆ ನಡೆದ ಸಣ್ಣ ಅಧ್ಯಯನದಿಂದ. ಅದರಲ್ಲಿ ಡಿಎಚ್‌ಟಿ ಏರಿತ್ತು, ಕೂದಲನ್ನು ಅಳೆದೇ ಇರಲಿಲ್ಲ. ಇಂಜೆಕ್ಷನ್ ಮಾತ್ರ ಖಂಡಿತ ಬೇಡ. ಜಿಮ್‌ಗಳಲ್ಲಿ ಹಾಗೆ ಕೊಡುವುದು ಹೆಚ್ಚಾಗಿ ಸ್ಟೆರಾಯ್ಡ್, ಅಂದರೆ ಸ್ನಾಯು ಉಬ್ಬಿಸುವ ಕೃತಕ ಗಂಡು ಹಾರ್ಮೋನು. ವಂಶದಲ್ಲಿ ಬೋಳುತನವಿದ್ದವರ ಕೂದಲನ್ನು ಅದು ಬೇಗ ಉದುರಿಸುತ್ತದೆ, ವೃಷಣ ಕುಗ್ಗಿಸುತ್ತದೆ, ಹೃದಯಕ್ಕೂ ಪೆಟ್ಟು. ಇಪ್ಪತ್ತರ ಹುಡುಗರಿಗೆ ಇದನ್ನು ಚುಚ್ಚುವವರನ್ನು ಕಂಡರೆ ನನಗೆ ತಡೆಯಲಾರದ ಕೋಪ ಬರುತ್ತದೆ.

ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ ತಿಳಿಸುವುದು), ಥೈರಾಯ್ಡ್ ಪರೀಕ್ಷೆ ಮಾಡಿಸಿ ಚರ್ಮರೋಗ ತಜ್ಞರನ್ನು ಕಾಣಿ. ಹೋಗುವಾಗ ಆ ಪುಡಿಯ ಡಬ್ಬಿಯನ್ನೂ ಒಯ್ಯಿರಿ.